ಬಾಗಿಲಲ್ಲಿ ನಿಂತ ಕಥೆ

ಒಂದಾನೊಂದು ಕಾಲದಲ್ಲಿ, ಅಂದರೆ ನಮ್ಮ ಮನೆಗೆ ಇಂಟರ್ನೆಟ್ ಪೆಟ್ಟಿಗೆ ಬಂದ ವರ್ಷ, ವಸ್ತುಗಳೆಲ್ಲ ದಿನಕ್ಕೊಂದು ಸಲ ನಿದ್ದೆ ಮಾಡುವ ಒಂದು ಊರಿನಲ್ಲಿ ಚೆಲುವಾಜಮ್ಮ ಎಂಬ ಅಜ್ಜಿಯಿದ್ದಳು. ಅವಳಿಗೆ ದೂರದ ಊರಿನಲ್ಲೊಬ್ಬಳು ತಂಗಿ. ಆ ತಂಗಿಗೆ ಹೇಳಿ ಮುಗಿಸದೆ ಉಳಿದ ಒಂದು ಕಥೆ. ಅಜ್ಜಿಗೆ ಒಬ್ಬಳು ಮೊಮ್ಮಗಳೂ ಇದ್ದಳು, ಅವಳೇ ನಾನು, ಸುಗಂಧಿ. ಈ ಕಥೆಯಲ್ಲಿ ನನ್ನ ಪಾಲಿಗೆ ಬಂದದ್ದು ಒಂದೇ ಒಂದು ಮಾತು. ಅದು ಬರುವ ಹೊತ್ತಿಗೆ ಬರುತ್ತದೆ.

ನಮ್ಮೂರಿನಲ್ಲಿ ಪ್ರತಿ ವಸ್ತುವಿಗೂ ಅದರದೇ ನಿದ್ದೆಯ ಹೊತ್ತಿದೆ. ನಮ್ಮ ಮನೆಯ ಮುಂಬಾಗಿಲು ಊಟದ ಸಮಯಕ್ಕೆ ಮಲಗುತ್ತದೆ, ಆಗ ಯಾರೇ ಬಂದರೂ ಹಿತ್ತಿಲು ಸುತ್ತಿಕೊಂಡು ಬರಬೇಕು. ಈಳಿಗೆಮಣೆ ಬೆಳಿಗ್ಗೆಯೇ ಒಂದು ಜೊಂಪು ತೆಗೆಯುವುದರಿಂದ ಸಾರಿನ ತರಕಾರಿಯನ್ನು ಅದಕ್ಕೂ ಮೊದಲು ಹೆಚ್ಚಿಟ್ಟುಕೊಳ್ಳಬೇಕು, ಮರೆತರೆ ಅವತ್ತು ಬರೀ ಬೇಳೆಸಾರು. ನನ್ನ ಅಮ್ಮ ಹಿಟ್ಟಿನ ಗಿರಣಿ ನಡೆಸುತ್ತಾಳೆ. ನಡುಮಧ್ಯಾಹ್ನ ಗಿರಣಿ ಮಲಗಿದಾಗ ರಾಗಿ ತಂದವರೆಲ್ಲ ಚೀಲಕ್ಕೆ ಒರಗಿ ಕೂತು ಮಾತಿಗಿಳಿಯುತ್ತಾರೆ. ಊರಿನ ಅರ್ಧ ಸಂಬಂಧಗಳು ಕುದುರಿದ್ದು ಆ ಗಿರಣಿಯ ನಿದ್ದೆಯಲ್ಲೇ. ಹೆಣ್ಣು ನೋಡಲು ಬಂದವರು ಜಾತಕದ ಮಾತೆತ್ತುವುದಕ್ಕೂ ಮುಂಚೆ ನಿಮ್ಮ ಮನೆಯ ಒಲೆ ಯಾವಾಗ ಮಲಗುತ್ತದೆ ಎಂದು ಕೇಳುತ್ತಾರೆ. ಎರಡು ಮನೆಯ ಒಲೆಗಳೂ ಒಂದೇ ಹೊತ್ತಿಗೆ ಮಲಗುವುದಾದರೆ ಹಿರಿಯರು ಸ್ವಲ್ಪ ಯೋಚನೆ ಮಾಡುತ್ತಾರೆ. ಊರಿಗೆ ಬರುವ ಒಂದೇ ಬಸ್ಸು ಹುಣಸೆಮರದ ತಿರುವಿನಲ್ಲಿ ಮಲಗುತ್ತದೆ, ಕಂಡಕ್ಟರು ಟವೆಲ್ ಹಾಸಿಕೊಂಡು ತಾನೂ ಅಡ್ಡಾಗುತ್ತಾನೆ, ಪ್ರಯಾಣಿಕರು ಬುತ್ತಿ ಬಿಚ್ಚುತ್ತಾರೆ.

ಮಲಗಿದ ವಸ್ತುವನ್ನು ಗುರುತಿಸುವುದು ಕಷ್ಟವಲ್ಲ. ಎಚ್ಚರವಿದ್ದಾಗ ಹೂವಿನ ಹಾಗೆ ಎತ್ತಿಕೊಳ್ಳಬಹುದಾದ ಮಗು ನಿದ್ದೆ ಹೋದ ಕೂಡಲೇ ತೋಳು ಸೋಲುವಷ್ಟು ಭಾರವಾಗುತ್ತದಲ್ಲ, ಹಾಗೆ. ಮಲಗಿದ ಸೌಟನ್ನು ಎರಡು ಕೈಯಲ್ಲಿ ಎತ್ತಬೇಕು. ಎತ್ತಿ ನೋಡಿ, ಭಾರವಿದ್ದರೆ ಸದ್ದಿಲ್ಲದೆ ಇಳಿಸಿ, ಪಕ್ಕದ ಮನೆಯಿಂದ ಬೇರೆ ಸೌಟು ತರಬೇಕು. ಮಲಗಿದ್ದನ್ನು ಎಬ್ಬಿಸುವ ಹಾಗಿಲ್ಲ. ಎಬ್ಬಿಸಿದರೆ ಏನಾಗುತ್ತದೆ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ಏನೂ ಆಗುವುದಿಲ್ಲ, ಆದರೆ ಎಬ್ಬಿಸಿದವರ ಬಗ್ಗೆ ಊರು ಮಾತಾಡುತ್ತದೆ ಎಂದಿದ್ದಳು ಅಜ್ಜಿ.

ಅಜ್ಜಿಯ ತಂಗಿಯ ಹೆಸರು ಸಣ್ಣತಾಯಮ್ಮ, ನನಗೆ ಚಿಕ್ಕಜ್ಜಿ. ಹುಡುಗಿಯರಾಗಿದ್ದಾಗ ಅಕ್ಕತಂಗಿಯರಿಬ್ಬರೂ ಒಂದೇ ಕಂಬಳಿಯೊಳಗೆ ಮಲಗುತ್ತಿದ್ದರು. ಅಕ್ಕ ಕಥೆ ಹೇಳಬೇಕು, ತಂಗಿ ಹೂಂಗುಟ್ಟಬೇಕು. ತಂಗಿಗೆ ಬೇಕಾಗಿದ್ದದ್ದು ಯಾವಾಗಲೂ ಒಂದೇ ಕಥೆ, ಬುಟ್ಟಿ ಹೆಣೆಯುವವಳ ಇಬ್ಬರು ಹೆಣ್ಣುಮಕ್ಕಳದು. ತಂಗಿಯನ್ನು ಮಂಜು ಹೊತ್ತುಕೊಂಡು ಹೋಗುತ್ತದೆ. ಅಕ್ಕ ಹುಡುಕಿಕೊಂಡು ಹೊರಡುತ್ತಾಳೆ. ಬಿದಿರುಮೆಳೆ ದಾಟಿ, ಹೊಳೆ ದಾಟಿ, ಕೊನೆಗೆ ಒಂದು ಗುಡ್ಡದ ಹೊಟ್ಟೆಯಲ್ಲಿರುವ ಬಾಗಿಲ ಮುಂದೆ ನಿಂತು ತಟ್ಟುತ್ತಾಳೆ. ಅಷ್ಟು ಹೊತ್ತಿಗೆ ಕಂಬಳಿಯೊಳಗಿನ ಹೂಂ ನಿಂತುಹೋಗಿರುತ್ತಿತ್ತು. ಹೂಂ ನಿಂತರೆ ಕಥೆ ನಿಲ್ಲಬೇಕು, ನಿಂತ ಕಥೆಯನ್ನು ಮತ್ತೆ ಮೊದಲಿನಿಂದಲೇ ಶುರುಮಾಡಬೇಕು, ನಡುವಿನಿಂದ ಎತ್ತಿಕೊಂಡರೆ ಕಥೆಯ ಸೊಂಟ ಉಳುಕುತ್ತದೆ ಎಂಬುದು ಆ ಕಾಲದಿಂದಲೂ ನಮ್ಮ ಮನೆಯ ಪದ್ಧತಿ. ಹೀಗಾಗಿ ಚಿಕ್ಕಜ್ಜಿ ಬಾಗಿಲ ತನಕ ಎಷ್ಟು ಸಲ ಹೋಗಿ ಬಂದಳೋ, ಒಂದು ಸಲವೂ ಒಳಗೆ ಹೋಗಲಿಲ್ಲ. ಮದುವೆಯಾಗಿ ಗಾಡಿ ಹತ್ತುವಾಗ ಅಳು ನಿಲ್ಲಿಸಿ, ಬಾಗಿಲು ಯಾರು ತೆಗೆದರು ಅಕ್ಕಯ್ಯ ಎಂದು ಕೇಳಿದಳಂತೆ. ಗಾಡಿ ಹೊರಟಾಗಿತ್ತು. ಪೂರ್ತಿ ಹೇಳ್ತೀನಿ ಕಣೇ ಸಣ್ಣಿ, ಮುಂದಿನ ಸಲ ಪೂರ್ತಿ ಹೇಳ್ತೀನಿ ಎಂದು ಅಜ್ಜಿ ಗಾಡಿಯ ಹಿಂದೆ ಓಡುತ್ತ ಮಾತು ಕೊಟ್ಟಳಂತೆ. ಆಮೇಲೆ ಮದುವೆ ತಿಥಿಗಳಲ್ಲಿ ಸಿಕ್ಕರು. ಆದರೆ ಸೊಂಟದ ಮೇಲೊಂದು ಕೂಸು, ಕೈಯಲ್ಲೊಂದು ಸೌಟು ಹಿಡಿದುಕೊಂಡು ನನಗೊಂದು ಕಥೆ ಹೇಳು ಎಂದು ಯಾರು ತಾನೆ ಕೇಳುತ್ತಾರೆ.

ಈಗ ಚಿಕ್ಕಜ್ಜಿಯ ಕಿವಿ ಮುಚ್ಚಿಕೊಳ್ಳುತ್ತಿತ್ತು. ಸಂಜೆ ಅಂಗಡಿ ಮುಚ್ಚುವವನು ಒಂದೊಂದೇ ಹಲಗೆ ಜೋಡಿಸುವ ಹಾಗೆ ಸ್ವಲ್ಪ ಸ್ವಲ್ಪವಾಗಿ. ಡಾಕ್ಟರು ನೋಡಿ, ಇದು ಸರಿಹೋಗುವಂಥದ್ದಲ್ಲ, ಕಿವಿ ಪೂರ್ತಿ ಹೋಗುವ ತನಕ ಕೇಳಿಸಿದಷ್ಟು ಕೇಳಿಸಿಕೊಳ್ಳಿ ಎಂದಿದ್ದರಂತೆ. ಫೋನಿನಲ್ಲಿ ಆಗಲೇ ಏನೂ ತಿಳಿಯುತ್ತಿರಲಿಲ್ಲ. ಎದುರಿಗಿರುವವರ ತುಟಿ ಕಂಡರೆ, ಕೇಳಿಸಿದ ಅರ್ಧಕ್ಕೆ ಕಂಡ ಅರ್ಧ ಸೇರಿಸಿ ಮಾತು ಹಿಡಿಯುತ್ತಿದ್ದಳು. ಸೊಂಟ ಮುರಿದು ಜೋಡಿಸಿಕೊಂಡ ಮೇಲೆ ಅವಳು ಬಸ್ಸು ಹತ್ತುವಂತಿರಲಿಲ್ಲ. ನಮ್ಮಜ್ಜಿಗೆ ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹುಣಸೆಮರ ಮುಟ್ಟುವ ಮುಂಚೆಯೇ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಚಿಕ್ಕಜ್ಜಿಯ ಸೊಸೆ ವನಜತ್ತೆ, ಆ ಬಾಗಿಲು ತೆಗೆದವರು ಯಾರು ಅಂತ ನನಗೆ ಹೇಳಿಬಿಡಿ ದೊಡ್ಡತ್ತೆ, ನಾನು ಅವರಿಗೆ ಕೈಸನ್ನೆ ಮಾಡಿಯಾದರೂ ಹೇಳುತ್ತೇನೆ ಎಂದು ಕೇಳಿಕೊಂಡಳು. ಅಜ್ಜಿ ಒಪ್ಪಲಿಲ್ಲ. ಹುಳಿಯನ್ನಾದರೆ ಡಬ್ಬಿಗೆ ಹಾಕಿ ಕಳಿಸಬಹುದು, ಕಥೆಯನ್ನು ಹಾಗೆ ಕಳಿಸುವುದಕ್ಕಾಗುತ್ತದೆಯೇ ಎಂದಳು.

ಉಳಿದದ್ದು ನನ್ನ ಕಂಪ್ಯೂಟರು. ನಾನು ಲಗ್ನಪತ್ರಿಕೆಗಳನ್ನು ಅಂದಗೊಳಿಸಿ ಪಕ್ಕದೂರಿನ ಪ್ರೆಸ್ಸಿಗೆ ಕಳಿಸುವ ಕೆಲಸ ಮಾಡುತ್ತೇನೆ. ಅದಕ್ಕೆಂದೇ ಇಂಟರ್ನೆಟ್ ಹಾಕಿಸಿದ್ದು. ಹಾಕಲು ಬಂದವನು ಕಾಂತರಾಜು, ಹೊರಗಿನವನು, ನಮ್ಮೂರಿಗೆ ಬಂದರೆ ತನ್ನ ಸ್ಕ್ರೂಡ್ರೈವರೂ ಆಕಳಿಸುತ್ತದೆ ಎಂದು ನಗುತ್ತಿದ್ದ. ಪೆಟ್ಟಿಗೆಯನ್ನು ನಡುಮನೆಯ ಗೂಡಿನಲ್ಲಿ, ಕೈಗೆ ಸುಲಭವಾಗಿ ಸಿಗದಷ್ಟು ಎತ್ತರದಲ್ಲಿ ಕೂರಿಸಿ, ಯಾರೂ ಮುಟ್ಟಬೇಡಿ ಎಂದು ಹೇಳಿ ಹೋಗಿದ್ದ. ಹಸಿರು ದೀಪದ ಪುಟ್ಟ ಪೆಟ್ಟಿಗೆ. ಬಂದ ವಾರದಲ್ಲೇ ಅನ್ನಕ್ಕಿಡುವ ಹೊತ್ತಿಗೆ ಮಲಗುವುದನ್ನು ರೂಢಿ ಮಾಡಿಕೊಂಡಿತು. ಅನ್ನ ಬೇಯುವಷ್ಟರಲ್ಲಿ ಎದ್ದು ದೀಪ ಹಚ್ಚಿಕೊಳ್ಳುತ್ತಿತ್ತು. ಒಳ್ಳೆಯ ಮನೆತನದ ಪೆಟ್ಟಿಗೆ ಎಂದು ಅಜ್ಜಿಗೆ ಅದರ ಮೇಲೆ ಪ್ರೀತಿ.

ಮೊದಲ ಸಲ ಇಬ್ಬರು ಮುದುಕಿಯರನ್ನು ಪರದೆಯಲ್ಲಿ ಎದುರುಬದುರು ಕೂರಿಸಿದಾಗ ಒಬ್ಬರ ಕೈಯ ಸುಕ್ಕನ್ನು ಒಬ್ಬರು ಎಣಿಸುವುದರಲ್ಲೇ ಸಂಜೆಯಾಯಿತು. ಮಾರನೆಯ ದಿನ ಕಥೆಗೆ ಕೂತರು. ಅಜ್ಜಿ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, ತುಟಿ ಚೆನ್ನಾಗಿ ಕಾಣಲಿ ಎಂದು ಎಲೆಯಡಿಕೆ ಉಗಿದು ಬಂದು, ಕಥೆಯ ದನಿ ತೆಗೆದಳು. ಅಜ್ಜಿಗೆ ಮಾತಿನ ದನಿ ಬೇರೆ, ಕಥೆಯ ದನಿ ಬೇರೆ. ಆ ದನಿ ಬಂತೆಂದರೆ ನಾನು ಕೂತಲ್ಲಿರುವುದಿಲ್ಲ. ಅವತ್ತೂ ಬಿದಿರುಮೆಳೆಯಲ್ಲಿ ಮಂಜು ಏಳುವುದನ್ನು ನೋಡುತ್ತ ನಿಂತಿದ್ದೆ. ಮಂಜು ಪುಟ್ಟ ತಂಗಿಯ ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಅಷ್ಟರಲ್ಲಿ ಚಿಕ್ಕಜ್ಜಿಯ ಮುಖ ಪರದೆಯಲ್ಲಿ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟಿತು. ಆಮೇಲೆ ಮುಖವೂ ಹೋಯಿತು. ಗೂಡಿನಲ್ಲಿ ಹಸಿರು ದೀಪ ಇರಲಿಲ್ಲ. ತಾನಾಗಿ ಮತ್ತೆ ಬರುವ ಹೊತ್ತಿಗೆ ಆ ಕಡೆ ಚಿಕ್ಕಜ್ಜಿಗೆ ಊಟ ಬಡಿಸಿದ್ದರು.

ಮತ್ತೊಂದು ದಿನ ಮಂಜಿನ ತನಕವೂ ಹೋಗಲಿಲ್ಲ. ಇನ್ನೊಂದು ದಿನ ಹೊಳೆಯ ತನಕ ಹೋಗಿ ನಿಂತಿತು. ಇದರಲ್ಲಿ ಒಂದು ಲೆಕ್ಕ ಅಂತ ಸಿಗಲಿಲ್ಲ. ನಾನು ಲಗ್ನಪತ್ರಿಕೆ ಕಳಿಸುವಾಗ ಒಂದು ದಿನವೂ ತೊಂದರೆಯಿಲ್ಲ. ವನಜತ್ತೆ ಮತ್ತು ಅಜ್ಜಿ ಸೇರಿ ನೆಂಟರ ಮನೆಯ ಸೊಸೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಜಾಲಾಡಿದ ದಿನ, ಸಂಜೆ ದೀಪ ಹಚ್ಚುವ ತನಕ ಪೆಟ್ಟಿಗೆ ಕಣ್ಣು ಮಿಟುಕಿಸಲಿಲ್ಲ. ಕಥೆ ಎಂದರೆ ಮಾತ್ರ ಅದಕ್ಕೆ ಏನೋ ಆಗುತ್ತದೆ ಎಂದು ಈಗ ಹೇಳುವುದು ಸುಲಭ. ಆಗ ನಾವು ಹಾಗೆ ನೋಡಲಿಲ್ಲ. ನಮ್ಮೂರಿನವರಿಗೆ ವಸ್ತು ದಿನಕ್ಕೆ ಒಂದೇ ಸಲ ಮಲಗುವುದು ಗೊತ್ತು. ಮಧ್ಯಾಹ್ನ ಮಲಗಿ ಎದ್ದ ಪೆಟ್ಟಿಗೆ ಸಂಜೆ ಕೆಟ್ಟರೆ ಅದು ನಿದ್ದೆಯಲ್ಲ, ಕಾಯಿಲೆ. ಕಾಯಿಲೆಗೆ ಕಾಂತರಾಜನನ್ನು ಕರೆಸಬೇಕು.

ಕಾಂತರಾಜು ಬಂದು ನಡುಮನೆಯಲ್ಲಿ ನಿಂತು, ಪೆಟ್ಟಿಗೆಯ ಸ್ವಿಚ್ಚು ಆರಿಸಿ ಮತ್ತೆ ಹಾಕಿ ನೋಡಿದಿರಾ ಎಂದು ಕೇಳಿದ. ಅಜ್ಜಿ ಅವನನ್ನೇ ನೋಡಿದಳು. "ಅದೇನು ಮಲಗಿರೋರ ಮುಖಕ್ಕೆ ನೀರು ಎರಚಿದ ಹಾಗಲ್ವೇನಪ್ಪ? ನಿಮ್ಮನೇಲಿ ಮಕ್ಕಳನ್ನ ಹಾಗೇ ಎಬ್ಬಿಸ್ತೀರಾ?" ಅವನು ಸ್ವಿಚ್ಚಿನ ಮೇಲಿಂದ ಕೈ ತೆಗೆದ. ಎದುರುಮನೆಯ ಛಾವಣಿಯ ಮೇಲಿಂದ ಹೊಸ ವೈರು ಎಳೆದ. ಪ್ಲಗ್ಗು ಬದಲಾಯಿಸಿದ. ಆಮೇಲೆ ನನ್ನ ಕಂಪ್ಯೂಟರಿನ ಒಳಗೆ ಹೊಕ್ಕು ಹುಡುಕಾಡಿ, ಕರೆಂಟು ಉಳಿಸುವುದಕ್ಕಾಗಿ ಇದು ಮಧ್ಯೆ ಮಧ್ಯೆ ನಿದ್ದೆ ಮಾಡಬಹುದು ಎಂಬ ಅನುಮತಿಯೊಂದನ್ನು ಕಂಡುಹಿಡಿದ. ಸಿಕ್ಕಿತು ನೋಡಿ ಕಳ್ಳ ಎಂದು ಆ ಅನುಮತಿಯನ್ನು ತೆಗೆದುಹಾಕಿ, ಕಾಫಿ ಕುಡಿದು ಹೋದ. ಅವತ್ತಿನಿಂದ ಕಂಪ್ಯೂಟರಿಗೆ ನಿದ್ದೆಯಿಲ್ಲ. ಎರಡನೆಯ ದಿನಕ್ಕೆ ಅದು ಹಟ ಹಿಡಿದ ಕೂಸಿನ ಹಾಗಾಯಿತು. ಬೆಟ್ಟಹಳ್ಳಿಯವರ ಪತ್ರಿಕೆಯಲ್ಲಿ ವರನ ಜಾಗದಲ್ಲಿ ವರನ ಸೋದರಮಾವನ ಹೆಸರು ಹಾಕಿ ಕೂರಿಸಿತು. ಪ್ರೆಸ್ಸಿನವರು ಗಮನಿಸಿದ್ದರಿಂದ ಒಂದು ಮನೆ ಉಳಿಯಿತು. ಅಜ್ಜಿ, ಅದರ ನಿದ್ದೆ ಅದಕ್ಕೆ ವಾಪಸ್ಸು ಕೊಡು ಎಂದಳು. ಕೊಟ್ಟೆ. ಇಷ್ಟಾದರೂ ಕಥೆಯ ಹೊತ್ತಿಗೆ ಪೆಟ್ಟಿಗೆಯ ದೀಪ ಆರುವುದು ನಿಲ್ಲಲಿಲ್ಲ.

ಒಂದೇ ಒಂದು ದಿನ ಮಾತ್ರ ನಾವು ಗೆದ್ದೆವು ಎನ್ನುವಷ್ಟು ಹತ್ತಿರಕ್ಕೆ ಹೋಗಿದ್ದೆವು. ಎದುರುಮನೆಯ ಹೊಂಬಾಳಯ್ಯ ಟೈಲರು. ಅವನ ಹೊಲಿಗೆ ಮಿಷನ್ನು ಸಂಜೆಯ ಮುಂಚೆ ಮಲಗುತ್ತದೆ, ಆ ಹೊತ್ತಿನಲ್ಲಿ ಅವನು ಮನೆಮನೆಗೆ ಹೋಗಿ ಅಳತೆ ತೆಗೆಯುವುದು, ಪಿನ್ನು ಚುಚ್ಚಿ ನೋಡುವುದು ಇತ್ಯಾದಿ ಮಾಡುತ್ತಾನೆ. ಅವತ್ತು ಅಜ್ಜಿಯ ರವಿಕೆಯ ತೋಳು ಸರಿಮಾಡಲು ಬಂದಿದ್ದ. ಕಥೆ ನಿಲ್ಲಿಸುವ ಹಾಗಿಲ್ಲ ಎಂದಳು ಅಜ್ಜಿ, ನೀವು ಹೇಳುತ್ತಿರಿ ನಾನು ಚುಚ್ಚುತ್ತಿರುತ್ತೇನೆ ಎಂದ ಅವನು. ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡು, ಅಜ್ಜಿಯ ಪಕ್ಕ ಮಂಡಿಯೂರಿ ಕೂತು ಕೆಲಸ ಶುರುಮಾಡಿದ. ಮಂಜು ಬಂತು, ಕಥೆ ಬಿದಿರುಮೆಳೆ ದಾಟಿತು, ಹೊಳೆ ದಾಟಿತು. ಹಸಿರು ದೀಪ ಅಲ್ಲಾಡಲಿಲ್ಲ. ಗುಡ್ಡದ ಬಾಗಿಲು ಬಂತು. ಪರದೆಯಲ್ಲಿ ಚಿಕ್ಕಜ್ಜಿ ಸೆರಗಿನ ತುದಿಯನ್ನು ಹಿಡಿದುಕೊಂಡಳು. ಅಜ್ಜಿ ಬಾಗಿಲು ತಟ್ಟಲು ಕೈಯೆತ್ತಿದಳು, ನಿಜವಾಗಿಯೂ ಎತ್ತಿದಳು, ಕಥೆ ಹೇಳುವಾಗ ಅವಳ ಕೈ ಅವಳ ಮಾತು ಕೇಳುವುದಿಲ್ಲ. ಹೊಂಬಾಳಯ್ಯ ಬಾಯಿಂದ ಸೂಜಿಗಳನ್ನು ಅಂಗೈಗೆ ಉಗಿದುಕೊಂಡು, "ಕೈ ಇಳಿಸಿ ಅಜ್ಜಿ, ತೋಳು ಮೇಲಕ್ಕೆ ಹೋಯ್ತು. ಹಿಂಗೇ ಹೊಲಿದ್ರೆ ನೀವು ದಿನಾ ಕೈ ಎತ್ಕೊಂಡೇ ಇರಬೇಕಾಗ್ತದೆ" ಎಂದ. ಅಜ್ಜಿ ಕೈ ಇಳಿಸಲಿಲ್ಲ, ಅವನನ್ನು ಕಣ್ಣಲ್ಲೇ ಗದರಿಸಿ ಕಥೆ ಮುಂದುವರಿಸಿದಳು. ಅವನು ಸೂಜಿಗಳನ್ನು ಡಬ್ಬಿಗೆ ಹಾಕಿಕೊಂಡು ತೆಪ್ಪಗೆ ಗೋಡೆಗೆ ಒರಗಿ ಕೂತ. ಅಕ್ಕ ಬಾಗಿಲು ತಟ್ಟಿದಳಂತೆ, ಯಾರದು ಎಂದು ಒಳಗಿಂದ ಕೇಳಿತಂತೆ ಎನ್ನುವಷ್ಟರಲ್ಲಿ ದೀಪ ಆರಿತು. ಅಜ್ಜಿ ವಾರದ ತನಕ ಹೊಂಬಾಳಯ್ಯನ ಜೊತೆ ಮಾತಾಡಲಿಲ್ಲ. ಹಾಲು ಉಕ್ಕುವ ಹೊತ್ತಿಗೆ ಬಾಯಿ ಹಾಕಿದವನು ಎಂದು ನನ್ನ ಹತ್ತಿರ ಬೈದುಕೊಂಡಳು. ಅವನೂ ರವಿಕೆಯನ್ನು ಹಾಗೇ ಮಡಿಸಿಟ್ಟುಕೊಂಡ.

ಆ ವಾರ ವನಜತ್ತೆ ಫೋನು ಮಾಡಿದಳು. ಮನೆಯ ಮುಂದೆ ಮದುವೆ ದಿಬ್ಬಣದ ವಾದ್ಯ ಹೋದರೂ ಅತ್ತೆ ತಲೆಯೆತ್ತಲಿಲ್ಲ ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಅವಳ ಕಿವಿಯ ಅಂಗಡಿಗೆ ಜೋಡಿಸಲು ಇನ್ನು ಒಂದೋ ಎರಡೋ ಹಲಗೆ ಉಳಿದಿರಬೇಕು. ಆಮೇಲೆ ತಾನೂ ಮಾತಾಡಿ ಫೋನು ಇಟ್ಟ ಅಜ್ಜಿ ಅಡುಗೆಮನೆಗೆ ಹೋಗಿ, ಎಚ್ಚರವಾಗಿದ್ದ ಈಳಿಗೆಮಣೆಯ ಮುಂದೆ ಸುಮ್ಮನೆ ಕೂತಿದ್ದಳು. ಸೋರೆಕಾಯಿ ಕೈಯಲ್ಲೇ ಇತ್ತು. "ಮಾತು ಕೊಟ್ಟಾಗ ನಾನು ಓಡ್ತಾ ಇದ್ದೆ ಕಣೇ," ಎಂದಳು. "ಅವಳಿಗೆ ಕೇಳಿಸ್ತೋ ಇಲ್ವೋ ಅವತ್ತೂ ಗೊತ್ತಾಗಲಿಲ್ಲ."

ಕಾಂತರಾಜನನ್ನು ಮತ್ತೆ ಕೇಳಿದ್ದಕ್ಕೆ, ನಿಮ್ಮ ಗೋಡೆ ಬಲು ದಪ್ಪ, ಗೂಡು ಬಹಳ ಒಳಗಿದೆ, ಸಿಗ್ನಲ್ಲು ಅಲ್ಲೇ ಉಸಿರುಗಟ್ಟುತ್ತಿರಬಹುದು ಎಂದ. ಈ ಸಲ ದೀಪ ಆರಿದ ಕೂಡಲೇ ಪೆಟ್ಟಿಗೆಯನ್ನು ಗೂಡಿನಿಂದ ತೆಗೆದು ಕಿಟಕಿಯ ಮೇಲೆ ಇಟ್ಟು ನೋಡು ಎಂದು ಮುಟ್ಟಲು ಅಪ್ಪಣೆ ಕೊಟ್ಟ. ಅದರಂತೆ ಮಾರನೆಯ ದಿನ ಸ್ಟೂಲು ಹಾಕಿಟ್ಟುಕೊಂಡೇ ಅಜ್ಜಿಯನ್ನು ಕಥೆಗೆ ಕೂರಿಸಿದೆ. ಮಂಜು ಮೊಣಕಾಲಿಗೆ ಬಂದಾಗ ದೀಪ ಆರಿತು. ಸ್ಟೂಲು ಹತ್ತಿ ಪೆಟ್ಟಿಗೆಗೆ ಕೈ ಹಾಕಿದೆ. ಕಾಂತರಾಜು ಒಂದೇ ಕೈಯಲ್ಲಿ ಆಡಿಸುತ್ತ ತಂದಿದ್ದ ಪೆಟ್ಟಿಗೆ ಅದು. ಎರಡು ಕೈಯಲ್ಲಿ ಎಳೆದರೂ ಗೂಡಿನಿಂದ ಮೇಲೇಳಲಿಲ್ಲ. ರುಬ್ಬುವ ಗುಂಡಿನಷ್ಟು ಭಾರ. ಅದರ ಮೈ ಬೆಚ್ಚಗಿತ್ತು.

ನಾನು ಸ್ಟೂಲಿನ ಮೇಲಿಂದಲೇ ಪಿಸುಗುಟ್ಟಿದೆ, ಅಜ್ಜಿ, ಇದು ಕೆಟ್ಟಿಲ್ಲ, ಮಲಗಿದೆ. ಮಧ್ಯಾಹ್ನ ಮಲಗಿತ್ತಲ್ಲೇ ಎಂದಳು ಅಜ್ಜಿ. ಮತ್ತೆ ಮಲಗಿದೆ ಎಂದೆ. ಅಜ್ಜಿ ಗೋಡೆ ಹಿಡಿದುಕೊಂಡು ಎದ್ದು ಬಂದು, ಕೈ ಎಟುಕದೆ, ಗೂಡಿನ ಕೆಳಗಿನ ಗೋಡೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಮುಖ, ತೊಟ್ಟಿಲು ಬಗ್ಗಿ ನೋಡುವವರ ಮುಖದ ಹಾಗಾಯಿತು. "ಅಯ್ಯೋ, ಕೂಸಲ್ವೇನೇ ಇದು. ನಿನ್ನೆ ಮೊನ್ನೆ ಬಂದಿದ್ದು. ಮಂಚಕ್ಕೆ, ಗಡಿಯಾರಕ್ಕೆ, ನಿನ್ನ ಕಂಪ್ಯೂಟರಿಗೆ ನನ್ನ ಕಥೆ ಕೇಳಿ ಕೇಳಿ ಕಿವಿ ಗಟ್ಟಿಯಾಗಿದೆ. ಇದು ಇನ್ನೂ ಕೇಳಿಲ್ಲ. ಕೂಸಿಗೆ ಕಥೆ ಹೇಳಿದ್ರೆ ಇನ್ನೇನು ಮಾಡ್ತದೆ?" ಕಾಯಿಲೆಯೆಂದು ವೈರು ಎಳೆಸಿದ್ದನ್ನು ನೆನೆದು ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಕಥೆ ಹೇಳಿದರೆ ಮಲಗುತ್ತದೆ, ಕಥೆ ಹೇಳದಿದ್ದರೆ ಎದ್ದಿದ್ದು ಪ್ರಯೋಜನವಿಲ್ಲ. ಹಾಗಾದರೆ ಹೊಂಬಾಳಯ್ಯ ಬಂದ ದಿನ ಅದು ಬಾಗಿಲ ತನಕ ಹೇಗೆ ಎಚ್ಚರವಾಗಿತ್ತು?

ಹೊಂಬಾಳಯ್ಯನನ್ನು ಕರೆದು ತಂದೆ. ಅವನು ಹೊಸ್ತಿಲ ಆಚೆಯೇ ನಿಂತು, ನಾನು ಏನೂ ಮುಟ್ಟಲಿಲ್ಲ, ವೈರಿನ ಹತ್ತಿರವೂ ಹೋಗಿರಲಿಲ್ಲ, ನನ್ನ ಕೆಲಸ ನಾನು ಮಾಡುತ್ತಿದ್ದೆ ಎಂದು ಹೇಳಿಕೊಂಡ. ಮಾತಾಡಿದ್ದು ಒಂದೇ ಸಲವಾ ಎಂದು ಕೇಳಿದೆ. "ಬಾಯಿ ತುಂಬ ಸೂಜಿ ಇಟ್ಕೊಂಡು ಮಾತಾಡೋಕಾಗ್ತದೇನವ್ವ? ಅಜ್ಜಿ ಹೇಳ್ತಿದ್ರು, ನಾನು ಹೂಂ ಹೂಂ ಅಂತಿದ್ದೆ ಅಷ್ಟೇ. ಸೂಜಿ ಬಾಯಲ್ಲಿದ್ರೆ ಬರೋ ಮಾತು ಅದೊಂದೇ." ಅಜ್ಜಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಥೆ ಹೇಳುವ ಕೋಣೆಯಲ್ಲಿ ಒಬ್ಬರು ಹೂಂಗುಟ್ಟುತ್ತಿದ್ದರೆ ಉಳಿದವರ ಕಣ್ಣೂ ತೆರೆದಿರುತ್ತದೆ, ಹೂಂ ನಿಂತರೆ ಒಬ್ಬೊಬ್ಬರಾಗಿ ಎಲ್ಲರೂ ಜಾರುತ್ತಾರೆ. ಇದು ಅಜ್ಜಿಗೆ ಹೊಸದಲ್ಲ. ಚಿಕ್ಕಜ್ಜಿ ಅಲ್ಲಿ ಹೂಂಗುಟ್ಟುತ್ತಲೇ ಇದ್ದಳು. ಆದರೆ ಆ ಹೂಂ ಅಷ್ಟು ದೂರದಿಂದ ಬರಬೇಕು, ಬರುವಷ್ಟರಲ್ಲಿ ಕೂಸಿನ ಕಣ್ಣು ಮುಚ್ಚಿರುತ್ತಿತ್ತು. ಹೊಳೆಯ ತನಕ ಹೋದ ದಿನ ಹಿತ್ತಿಲಲ್ಲಿ ಅಮ್ಮ ಯಾರಿಗೋ ಹೂಂಗುಟ್ಟುತ್ತಿದ್ದಿರಬೇಕು. ಅಜ್ಜಿ ನನ್ನ ಕಡೆ ತಿರುಗಿದಳು. "ಅಲ್ವೇ, ನೀನು ಪಕ್ಕದಲ್ಲೇ ಕೂತಿರ್ತೀಯ. ನೀನ್ಯಾಕೆ ಹೂಂ ಅನ್ನಲ್ಲ?"

ನಾನಲ್ಲಿ ಕೂತಿರುವುದಿಲ್ಲ ಎಂದು ಹೇಗೆ ಹೇಳುವುದು. ಕಥೆ ಶುರುವಾದರೆ ನಾನು ಬಿದಿರುಮೆಳೆಯಲ್ಲಿರುತ್ತೇನೆ, ನನ್ನ ಪಾದಕ್ಕೂ ಮಂಜು ತಾಗುತ್ತಿರುತ್ತದೆ, ಅಲ್ಲಿಂದ ಹೂಂ ಅಂದರೆ ಇಲ್ಲಿಗೆ ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದ ಕಥೆ ಕೇಳಿದ್ದು ಹಾಗೇ. ಹೊಂಬಾಳಯ್ಯ ತಾನೇ ಬಂದು ಕೂರಬಹುದಿತ್ತು, ಆದರೆ ಬೆಟ್ಟಹಳ್ಳಿಯ ಮದುವೆಯ ಬಟ್ಟೆಗಳೆಲ್ಲ ಅವನ ತಲೆಯ ಮೇಲಿದ್ದವು, ಈಗ ನಾವು ಕಥೆಗೆ ಕೂರುತ್ತಿದ್ದದ್ದು ಅವನ ಮಿಷನ್ನು ಎಚ್ಚರವಾಗಿರುವ ಹೊತ್ತಿನಲ್ಲಿ, ಅದನ್ನು ಬಿಟ್ಟು ಅವನು ಬರುವಂತಿರಲಿಲ್ಲ. ಅವನು ಜೇಬಿನಿಂದ ಡಬ್ಬಿ ತೆಗೆದು ನನ್ನ ಅಂಗೈಗೆ ಸೂಜಿಗಳನ್ನು ಸುರಿದ. ಇವನ್ನು ಕಚ್ಚಿಕೊಂಡು ಕೂತರೆ ಕನಸು ಹತ್ತಿರ ಸುಳಿಯುವುದಿಲ್ಲ, ಸುಳಿದರೆ ತುಟಿಗೆ ಗೊತ್ತಾಗುತ್ತದೆ ಎಂದು ಹೇಳಿ, ತಲೆ ಒಳಗಿರಬೇಕು ಮೊನೆ ಹೊರಗಿರಬೇಕು ಎಂದು ಕಚ್ಚುವ ಬಗೆಯನ್ನೂ ತೋರಿಸಿಕೊಟ್ಟ. ಹೋಗುವಾಗ ಅಜ್ಜಿ ಅವನಿಗೆ ಕಾಫಿ ಕುಡಿಯಲು ಹೇಳಿದಳು. ರವಿಕೆ ನಾಳೆ ತಂದುಕೊಡುತ್ತೇನೆ ಎಂದ ಅವನು. ಅಲ್ಲಿಗೆ ಆ ಜಗಳ ಮುಗಿಯಿತು.

ಮಾರನೆಯ ದಿನ ಪೆಟ್ಟಿಗೆ ಎದ್ದು, ಅನ್ನದ ಪಾತ್ರೆ ಇಳಿದು, ಬಿಸಿಲು ನಡುಮನೆಯಿಂದ ಅಂಗಳಕ್ಕೆ ಸರಿದ ಮೇಲೆ ಕೂತೆವು. ಪರದೆಯಲ್ಲಿ ಚಿಕ್ಕಜ್ಜಿಗೆ ವನಜತ್ತೆ ಕನ್ನಡಕ ಒರೆಸಿ ಹಾಕಿದಳು. ಚಿಕ್ಕಜ್ಜಿ ಕಿವಿಯ ಹಿಂದೆ ಕೈ ಅಡ್ಡ ಹಿಡಿದುಕೊಂಡು, ಜೋರಾಗಿ ಹೇಳು ಅಕ್ಕಯ್ಯ, ಬಾಯಿ ಅಗಲ ಮಾಡಿ ಹೇಳು ಎಂದಳು. ನಾನು ಸೂಜಿ ಕಚ್ಚಿಕೊಂಡೆ. "ಒಂದೂರಲ್ಲಿ ಬುಟ್ಟಿ ಹೆಣೆಯೋಳು ಒಬ್ಬಳಿದ್ದಳಂತೆ" ಎಂದಳು ಅಜ್ಜಿ. ಹೂಂ ಎಂದೆ.

ಸೂಜಿಯ ರುಚಿ ಹಳೆಯ ನಾಣ್ಯದ ಹಾಗಿರುತ್ತದೆ. ಬಿದಿರುಮೆಳೆ ಬಂದಾಗ ನನ್ನ ಕಾಲು ತಾನಾಗಿ ಆ ಕಡೆ ಹೊರಟಿತು, ತುಟಿ ಚುರ್ ಎಂದಿತು, ವಾಪಸ್ಸು ಬಂದೆ. ಮಂಜು ಕಾಣಿಸಲಿಲ್ಲ. ಹೊಳೆ ಕಾಣಿಸಲಿಲ್ಲ. ಹೂಂ ಎನ್ನುತ್ತ ಕೂತವಳಿಗೆ ಕಂಡದ್ದು ಅಜ್ಜಿ. ಇಷ್ಟು ವರ್ಷ ಅವಳ ಕಥೆಯೊಳಗೆ ಓಡಾಡಿಕೊಂಡಿದ್ದ ನಾನು ಕಥೆ ಹೇಳುವ ಅಜ್ಜಿಯನ್ನೇ ನೋಡಿರಲಿಲ್ಲ. ಮಂಜು ಎನ್ನುವಾಗ ಅವಳು ಭುಜ ಕುಗ್ಗಿಸುತ್ತಾಳೆ, ಚಳಿಯಾದವರ ಹಾಗೆ. ಅಕ್ಕ ಹೊರಟಳು ಎನ್ನುವಾಗ ಕಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತದೆ. ತಂಗಿಯ ಹೆಸರು ಕೂಗುವ ಕಡೆ ಕಥೆಯಲ್ಲಿ ಯಾವ ಹೆಸರೂ ಇಲ್ಲ, ಬರೀ ತಂಗೀ ಎಂದಷ್ಟೇ ಇದೆ, ಆದರೆ ಅವಳ ಬಾಯಿ ಬೇರೇನನ್ನೋ ಹೇಳಿ ತಂಗೀ ಎಂದು ತಿದ್ದಿಕೊಳ್ಳುತ್ತದೆ. ಹೂಂ ಎಂದೆ. ಹಸಿರು ದೀಪ ಅದರ ಪಾಡಿಗೆ ಉರಿಯುತ್ತಿತ್ತು. ನಾನು ಹೂಂ ಎಂದ ಸ್ವಲ್ಪ ಹೊತ್ತಿಗೆ, ದೂರದ ಊರಿನಿಂದ, ಚಿಕ್ಕಜ್ಜಿಯ ಹೂಂ ಬಂದು ಸೇರುತ್ತಿತ್ತು.

ಬಾಗಿಲು ಬಂತು. ಅಜ್ಜಿ ಕೈಯೆತ್ತಿ ಗಾಳಿಯಲ್ಲಿ ತಟ್ಟಿದಳು. ಯಾರದು ಅಂತ ಒಳಗಿಂದ ಕೇಳಿತಂತೆ. ಅಕ್ಕ ತನ್ನ ಹೆಸರು ಹೇಳಿದಳಂತೆ, ಬಾಗಿಲು ತೆಗೆಯಲಿಲ್ಲವಂತೆ. ಅಪ್ಪನ ಹೆಸರು ಹೇಳಿದಳಂತೆ, ತೆಗೆಯಲಿಲ್ಲವಂತೆ. ಹೂಂ ಎಂದೆ. ಚಿಕ್ಕಜ್ಜಿಯ ಹೂಂ ಬರಲಿಲ್ಲ. ಪರದೆಯಲ್ಲಿ ಅವಳ ಮುಖ ನಿಂತಿತ್ತು. ನಾನು ಗೂಡಿನ ಕಡೆ ನೋಡಿದೆ, ದೀಪ ಇತ್ತು. ಚಿಕ್ಕಜ್ಜಿಯ ಕಣ್ಣು ಮುಚ್ಚಿತ್ತು. ಅಜ್ಜಿಯ ಕೈ ಮೇಲೆಯೇ ಉಳಿಯಿತು. ಹೂಂ ನಿಂತರೆ ಕಥೆ ನಿಲ್ಲಬೇಕು. ಅಜ್ಜಿ ತುಟಿ ಬಿಗಿ ಹಿಡಿದು ಕಾದಳು, ಆಮೇಲೆ ಮೆತ್ತಗೆ, ಕಂಬಳಿಯೊಳಗೆ ಕರೆಯುವ ಹಾಗೆ, "ಸಣ್ಣೀ, ಮಲಗಿದ್ಯೇನೇ?" ಎಂದಳು. ಅಷ್ಟು ಮೆತ್ತಗೆ ಕೂಗಿದ್ದು ನನಗೇ ಸರಿಯಾಗಿ ಕೇಳಿಸಿರಲಿಲ್ಲ.

ಚಿಕ್ಕಜ್ಜಿ ಕಣ್ಣು ಬಿಡದೆಯೇ ಹೇಳಿದಳು, "ಕಣ್ಣು ಮುಚ್ಚಿದ್ರೆ ನಿದ್ದೆನಾ? ಬಾಗಿಲು ಹೆಂಗದೆ ಅಂತ ನೋಡ್ತಿದ್ದೆ. ಈಗ ಹೇಳು, ಕಣ್ಣು ಬಿಡ್ತೀನಿ." ಕಣ್ಣು ಬಿಟ್ಟು ಅಕ್ಕನ ತುಟಿಯನ್ನೇ ನೋಡಿದಳು.

ಅಜ್ಜಿ ಬಾಯಿ ಅಗಲ ಮಾಡಿ, ಒಂದೊಂದೇ ಮಾತನ್ನು ಬಿಡಿಸಿಟ್ಟು ಹೇಳಿದಳು. "ಆಗ ಅಕ್ಕ ಅಂದಳಂತೆ, ನಾನು ಕಣೇ, ನಿನ್ನ ಜಡೆ ಹೆಣೆಯೋಳು. ಬಾಚಣಿಗೆ ತಂದಿದ್ದೀನಿ, ಸ್ವಲ್ಪ ಮುಂದಕ್ಕೆ ಸರಿದು ಕೂತ್ಕೋ. ಆ ಬಾಗಿಲಿಗೆ ಅಗುಳಿ ಇರಲಿಲ್ಲ, ಬೀಗ ಇರಲಿಲ್ಲ. ತಂಗೀನೇ ಹೆದರ್ಕೊಂಡು ಒಳಗಿಂದ ಬೆನ್ನು ಕೊಟ್ಟು ಕೂತಿದ್ದಳಂತೆ. ಅಕ್ಕ ಮುಂದಕ್ಕೆ ಸರಿ ಅಂದ ತಕ್ಷಣ, ದಿನಾ ಜಡೆಗೆ ಕೂತಾಗ ಸರೀತಿದ್ದಳಲ್ಲ, ಹಂಗೇ ಮುಂದಕ್ಕೆ ಸರಿದಳಂತೆ. ಬಾಗಿಲು ತಾನಾಗೇ ತೆಕ್ಕೊಂತಂತೆ."

ಹೂಂ ಎಂದೆ. ಪೆಟ್ಟಿಗೆಗೆ ಅಷ್ಟು ಸಾಕಾಯಿತು. ಆ ಕಡೆ ಚಿಕ್ಕಜ್ಜಿ ತನ್ನ ಬೆರಳುದ್ದದ ಬಿಳಿಯ ಜಡೆಯನ್ನು ಮುಟ್ಟಿಕೊಂಡಳು. ನಾನು ಇಷ್ಟು ವರ್ಷವೂ ಯಾರೋ ರಾಜಕುಮಾರ ಬಂದು ಒದ್ದು ತೆಗೆದಿರಬೇಕು ಅಂದುಕೊಂಡಿದ್ದೆ ಎಂದಳು. ರಾಜಕುಮಾರನಿಗೆ ಅಲ್ಲೇನು ಕೆಲಸ ಎಂದಳು ಅಜ್ಜಿ. ಇಬ್ಬರೂ ನಕ್ಕರು, ಒಬ್ಬರು ಮೊದಲು, ಇನ್ನೊಬ್ಬರು ಸ್ವಲ್ಪ ತಡವಾಗಿ. ಕಥೆಗೆ ಇನ್ನೊಂದು ಚೂರು ಬಾಲವಿತ್ತು. ಅಕ್ಕ ಮನೆಯ ತನಕವೂ ತಂಗಿಯ ಜಡೆ ಹೆಣೆಯುತ್ತಲೇ ಬಂದಳಂತೆ, ಗುಡ್ಡದೊಳಗೆ ಕೂದಲು ಅಷ್ಟು ಉದ್ದ ಬೆಳೆದಿತ್ತಂತೆ, ಹೆಣೆದು ಮುಗಿಯುವ ಹೊತ್ತಿಗೆ ಅಂಗಳ ಬಂತಂತೆ. ಅಲ್ಲಿಗೆ ಕಥೆ ಮುಗಿಯಿತು ಎಂದು ಅಜ್ಜಿ ಎರಡು ಕೈಯನ್ನೂ ಮಡಿಲಿಗೆ ಇಳಿಸಿದಳು.

ಪರದೆಯಲ್ಲಿ ಚಿಕ್ಕಜ್ಜಿ ಕುರ್ಚಿಯಲ್ಲಿ ಕೂತ ಹಾಗೇ, ಸ್ವಲ್ಪ ಮುಂದಕ್ಕೆ ಸರಿದಳು. ನಾನು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದೆ. ಇನ್ನು ನಾನು ಹೂಂಗುಟ್ಟಬೇಕಾಗಿರಲಿಲ್ಲ. ಗೂಡಿನಲ್ಲಿ ಹಸಿರು ದೀಪ ತೂಕಡಿಸತೊಡಗಿತು, ಒಮ್ಮೆ ಮಂಕಾಯಿತು, ಮತ್ತೆ ಎದ್ದಿತು. ಅಷ್ಟರಲ್ಲಿ ದೂರದ ಊರಿನಿಂದ ಚಿಕ್ಕಜ್ಜಿಯ ಹೂಂ ಬಂತು. ಅದು ಬಂದು ಮುಟ್ಟಿದ ಮೇಲೆ ದೀಪ ಆರಿತು. ಯಾರೂ ಎಬ್ಬಿಸಲಿಲ್ಲ.